ಮುನ್ನಡೆ ನಮ್ಮದು, ಟ್ರೋಫಿ ಅವರದು: ಸಾಲ್ಟ್ ಲೇಕ್ ಫೈನಲ್ ಬಗ್ಗೆ ಬೆಂಗಳೂರು ಎಫ್‌ಸಿ ಅಭಿಮಾನಿಗಳ ಚರ್ಚೆ

ಪಶ್ಚಿಮ ಗ್ಯಾಲರಿ:

ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

2025ರ ಏಪ್ರಿಲ್ 12ರಂದು ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಸೋತದ್ದಕ್ಕಿಂತ ಸೋತ ರೀತಿ ಹೆಚ್ಚು ಕಾಡುತ್ತಿದೆ. 49ನೇ ನಿಮಿಷದಲ್ಲಿ ರಯಾನ್ ವಿಲಿಯಮ್ಸ್ ಕೊಟ್ಟ ಕ್ರಾಸ್ ಅಲ್ಬರ್ಟೊ ರೊಡ್ರಿಗಸ್‌ಗೆ ತಾಗಿ ಅವರದೇ ಗೋಲಿಗೆ ಸೇರಿತು. ಮೋಹನ್ ಬಾಗಾನ್‌ನ ತವರಿನಲ್ಲಿ, ಅವರ ಜನಸಾಗರದ ನಡುವೆ ನಾವು 1-0 ಮುಂದಿದ್ದೆವು. 72ನೇ ನಿಮಿಷದಲ್ಲಿ ಅವರ ಜೇಸನ್ ಕಮಿಂಗ್ಸ್ ಪೆನಾಲ್ಟಿ ಹೊಡೆದರು. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷಕ್ಕೆ, ಜೇಮೀ ಮೆಕ್ಲಾರೆನ್ ಹತ್ತಿರದಿಂದ ಚೆಂಡನ್ನು ಒಳಗೆ ಹಾಕಿದರು. 2-1, ಆಟ ಮುಗಿಯಿತು.

ಎಲ್ಲರೂ ಅದೃಷ್ಟ ಕೈಕೊಟ್ಟಿತು ಎನ್ನುತ್ತಿದ್ದಾರೆ. ಒಮ್ಮೆ ಕೈಕೊಟ್ಟರೆ ಅದೃಷ್ಟ ಎನ್ನಬಹುದು. ಇದೇ ಎದುರಾಳಿಯ ಜೊತೆಗಿನ ಲೆಕ್ಕವನ್ನಷ್ಟೇ ನೋಡಿ. 2015ರ ಮೇ 31, ಕಂಠೀರವ, ಆಗಿನ ದೇಶದ ಅಗ್ರ ಲೀಗ್ ಐ-ಲೀಗ್‌ನ ಕೊನೆಯ ಪಂದ್ಯ. ನಾವು ಗೆದ್ದರೆ ಪ್ರಶಸ್ತಿ ನಮಗೆ, ಡ್ರಾ ಆದರೆ ಅವರಿಗೆ. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದೆವು. 87ನೇ ನಿಮಿಷದಲ್ಲಿ ಅವರ ಬೆಲ್ಲೊ ರಜಾಕ್ ತಲೆಯಿಂದ ಚೆಂಡು ಗೋಲು ಸೇರಿತು. 2023ರ ಐಎಸ್‌ಎಲ್ ಫೈನಲ್, ಗೋವಾದ ಫತೋರ್ಡಾ. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಹೆಡರ್‌ನಿಂದ 2-1 ಮುಂದೆ ಹೋದೆವು. 85ನೇ ನಿಮಿಷದಲ್ಲಿ ಅವರ ಪೆಟ್ರಾಟೋಸ್ ಪೆನಾಲ್ಟಿ, ಆಮೇಲೆ ಶೂಟೌಟ್‌ನಲ್ಲಿ 4-3 ಸೋಲು. ಕಳೆದ ಆಗಸ್ಟ್‌ನ ಡುರಾಂಡ್ ಕಪ್ ಸೆಮಿಫೈನಲ್‌ನಲ್ಲಿ 2-0 ಮುಂದಿದ್ದೆವು. ಅದೂ 2-2 ಆಯಿತು, ಮತ್ತೆ ಶೂಟೌಟ್, ಮತ್ತೆ 4-3. ಈಗ ಇದು.

ನಾಲ್ಕು ದೊಡ್ಡ ಪಂದ್ಯ, ನಾಲ್ಕರಲ್ಲೂ ಮುನ್ನಡೆ, ನಾಲ್ಕರಲ್ಲೂ ಬರಿಗೈ. ತರಬೇತುದಾರರು ಬದಲಾದರು, ಆಟಗಾರರು ಬದಲಾದರು, ರೋಗ ಬದಲಾಗಲಿಲ್ಲ. ಗೋಲು ಸಿಕ್ಕಿದ ಕ್ಷಣದಿಂದ ನಮ್ಮ ತಂಡ ಹಿಂದಕ್ಕೆ ಸರಿಯಲು ಶುರು ಮಾಡುತ್ತದೆ. ಚೆಂಡನ್ನು ಇಟ್ಟುಕೊಂಡು ಆಡುವ ಧೈರ್ಯ ಹೋಗಿ, ಗಡಿಯಾರ ನೋಡುತ್ತಾ ಆಡುವ ಆಟ ಬರುತ್ತದೆ.

ನೀಲಿ ಅಂಗಿ:

ಗಾಯಕ್ಕೆ ಉಪ್ಪು ಸವರಿದ್ದಕ್ಕೆ ಧನ್ಯವಾದ. 2018ರ ಐಎಸ್‌ಎಲ್ ಫೈನಲ್ ಬಿಟ್ಟಿರಿ.

ಪಶ್ಚಿಮ ಗ್ಯಾಲರಿ:

ಅದು ಚೆನ್ನೈಯಿನ್ ಎದುರು ಎಂದು ಬಿಟ್ಟೆ. ನೆನಪಿಲ್ಲದೆ ಅಲ್ಲ.

ಕಾರ್ನರ್ ಬಾವುಟ:

ಬಿಡಬಾರದಿತ್ತು, ಏಕೆಂದರೆ ವಿಷಯದ ತಿರುಳು ಅಲ್ಲೇ ಇದೆ. 2018ರ ಮಾರ್ಚ್ 17, ನಮ್ಮದೇ ಕಂಠೀರವ. ಒಂಬತ್ತನೇ ನಿಮಿಷದಲ್ಲಿ ಉದಾಂತ ಕ್ರಾಸ್ ಕೊಟ್ಟರು, ಚೆಟ್ರಿ ನೆಲಕ್ಕೆ ಸಮಾನಾಂತರವಾಗಿ ಹಾರಿ ತಲೆ ಕೊಟ್ಟರು, 1-0. ಆ ವರ್ಷ ನಾವು ಲೀಗ್‌ನಲ್ಲಿ 40 ಅಂಕ ಗಳಿಸಿದ್ದೆವು, ಎರಡನೇ ಸ್ಥಾನದ ಚೆನ್ನೈಯಿನ್ 32. ಕಾಗದದ ಮೇಲೆ ನಮಗೆ ಸಾಟಿಯೇ ಇರಲಿಲ್ಲ. ಆದರೆ ಅವರ ಮೈಲ್ಸನ್ ಆಲ್ವೆಸ್ ಮೊದಲಾರ್ಧದಲ್ಲೇ ಎರಡು ಹೆಡರ್ ಹೊಡೆದರು, ಎರಡೂ ಕಾರ್ನರ್‌ನಿಂದ. ಕೊನೆಗೆ 3-2 ಸೋಲು.

ಪಶ್ಚಿಮ ಗ್ಯಾಲರಿಯವರೇ, ನೀವು ಮುನ್ನಡೆ ಕಳೆದುಕೊಂಡ ಪಂದ್ಯಗಳನ್ನು ಎಣಿಸಿದಿರಿ. ಆ ಗೋಲುಗಳು ಬಂದದ್ದು ಎಲ್ಲಿಂದ ಎಂದೂ ನೋಡಿ. 2015: ಸೋನಿ ನಾರ್ದೆ ಕಾರ್ನರ್, ಬೆಲ್ಲೊ ಹೆಡರ್. 2018: ಎರಡು ಕಾರ್ನರ್. 2023: ಅವರ ಎರಡೂ ಗೋಲು ಪೆನಾಲ್ಟಿ. ಡುರಾಂಡ್ 2024: ಮೊದಲನೆಯದು ಪೆನಾಲ್ಟಿ. ಮೊನ್ನೆ: ಪೆನಾಲ್ಟಿ. ಜನವರಿಯಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್‌ನಂಥ ತಂಡ ಕಂಠೀರವಕ್ಕೆ ಬಂದು 1-0 ಗೆದ್ದು ಹೋದದ್ದು ಕಾಸಿಮೋವ್ ಫ್ರೀ ಕಿಕ್‌ನಿಂದ. ಚಲಿಸುವ ಚೆಂಡಿನಿಂದ ನಮ್ಮನ್ನು ಒಡೆಯುವುದು ಕಷ್ಟ. ನಿಂತ ಚೆಂಡು (ಕಾರ್ನರ್, ಫ್ರೀ ಕಿಕ್, ಪೆನಾಲ್ಟಿ) ಸಾಕು, ನಾವು ಕುಸಿಯುತ್ತೇವೆ.

ಆದ್ದರಿಂದ ಇದು ಧೈರ್ಯದ ಪ್ರಶ್ನೆ ಅಲ್ಲ, ಅಭ್ಯಾಸದ ಪ್ರಶ್ನೆ. ಮೊದಲ ಕಂಬದ ಬಳಿ ಯಾರು ನಿಲ್ಲಬೇಕು, ಎದುರಾಳಿಯ ಎತ್ತರದ ಆಟಗಾರನ ಜೊತೆ ಯಾರು ಓಡಬೇಕು, ಪೆನಾಲ್ಟಿ ಪೆಟ್ಟಿಗೆಯೊಳಗೆ ಕೈ ಎಲ್ಲಿರಬೇಕು. ಕಲಿಸಿ ಕಲಿಯುವ ಸಂಗತಿಗಳು ಇವು.

ಪಶ್ಚಿಮ ಗ್ಯಾಲರಿ:

ಒಳ್ಳೆಯ ಪಟ್ಟಿ. ಆದರೆ ಕಾರ್ನರ್‌ಗಳು ಆಕಾಶದಿಂದ ಬೀಳುವುದಿಲ್ಲ. ನಾವು ನಮ್ಮ ಪೆಟ್ಟಿಗೆಯೊಳಗೆ ಹತ್ತು ಜನ ಕುಳಿತಾಗ ಎದುರಾಳಿಗೆ ಕಾರ್ನರ್ ಸಿಗುತ್ತದೆ, ಚೆಂಡು ಯಾರದೋ ಕೈಗೆ ತಾಗುತ್ತದೆ, ಯಾರದೋ ಕಾಲು ಯಾರಿಗೋ ತೊಡರುತ್ತದೆ. ನೀವು ಹೇಳುವುದು ಪರಿಣಾಮ, ನಾನು ಹೇಳುವುದು ಕಾರಣ.

ಸನಾ ಪರ ವಕೀಲ:

ಪೆನಾಲ್ಟಿ ವಿಷಯಕ್ಕೆ ಬಂದದ್ದರಿಂದ ಹೇಳುತ್ತೇನೆ. ಮೊನ್ನೆಯ ಪೆನಾಲ್ಟಿಗೆ ನಮ್ಮ ರಕ್ಷಣಾ ಆಟಗಾರ ಚಿಂಗ್ಲೆನ್ಸನಾ (ಸನಾ) ಅವರನ್ನು ಬೈಯುತ್ತಿರುವವರ ಸಾಲು ನೋಡಿ ಬೇಸರವಾಗಿದೆ. ಮೆಕ್ಲಾರೆನ್ ಹತ್ತಿರದಿಂದ ಹೊಡೆದ ಚೆಂಡು ಅವರ ಕೈಗೆ ಬಡಿಯಿತು. ಅಡ್ಡ ಹಾಕಲು ಮೈ ತಿರುಗಿಸುವ ರಕ್ಷಣಾ ಆಟಗಾರ ತೋಳನ್ನು ಎಲ್ಲಿ ಬಚ್ಚಿಡಬೇಕು? ನಿಯಮದ ಪ್ರಕಾರ ಪೆನಾಲ್ಟಿ ಸರಿಯೇ ಇರಬಹುದು, ಜಗಳ ಇಲ್ಲ. ಆದರೆ ಈ ಸೀಸನ್‌ನಲ್ಲಿ ನಮ್ಮ ರಕ್ಷಣೆಗೆ ಬೆನ್ನೆಲುಬು ಬಂದದ್ದೇ ಅವರು ಮತ್ತು ರಾಹುಲ್ ಭೇಕೆ ಜೊತೆಯಾದ ಮೇಲೆ. ಮೊದಲ ಐದು ಲೀಗ್ ಪಂದ್ಯಗಳಲ್ಲಿ ನಾವು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಹಿಂದಿನ ಸೀಸನ್‌ನಲ್ಲಿ ಹತ್ತನೇ ಸ್ಥಾನದಲ್ಲಿದ್ದ ತಂಡ ಇದು, ಮರೆಯಬೇಡಿ.

ನೀಲಿ ಅಂಗಿ:

ಆ ಐದು ಪಂದ್ಯಗಳಲ್ಲಿ ಇದೇ ಮೋಹನ್ ಬಾಗಾನ್ ಅನ್ನು ಸೆಪ್ಟೆಂಬರ್‌ನಲ್ಲಿ 3-0 ಮಣಿಸಿದ್ದೂ ಸೇರಿದೆ. ಮೆಂಡೆಜ್, ಸುರೇಶ್, ಚೆಟ್ರಿ. ಅಂದು 1-0 ಆದ ಮೇಲೆ ಯಾರೂ ಹಿಂದೆ ಸರಿಯಲಿಲ್ಲವಲ್ಲ? ಹಾಗಾದರೆ ಪಶ್ಚಿಮ ಗ್ಯಾಲರಿಯವರ ರೋಗನಿರ್ಣಯ ಏನಾಯಿತು?

ಪಶ್ಚಿಮ ಗ್ಯಾಲರಿ:

ಸೆಪ್ಟೆಂಬರ್ ಕಾಲು ಬೇರೆ, ಏಪ್ರಿಲ್ ಕಾಲು ಬೇರೆ. ಅದೂ ಅಲ್ಲದೆ ಅದು ಲೀಗ್ ಪಂದ್ಯ. ಸೋತರೆ ಮೂರು ಅಂಕ ಹೋಗುತ್ತದೆ ಅಷ್ಟೇ. ಕಳೆದುಕೊಳ್ಳುವ ಭಯ ಹುಟ್ಟುವುದು ಕಪ್ ಕಣ್ಣಿಗೆ ಕಾಣಿಸಿದಾಗ.

ಅಂಕಗಣಿತ:

ಅಭಿಮಾನ ಬದಿಗಿಟ್ಟು ಒಂದು ಲೆಕ್ಕ. ಲೀಗ್‌ನ 24 ಪಂದ್ಯಗಳಲ್ಲಿ ಮೋಹನ್ ಬಾಗಾನ್ 56 ಅಂಕ, ನಾವು 38. ಹದಿನೆಂಟು ಅಂಕಗಳ ಅಂತರ. ಕಮಿಂಗ್ಸ್, ಮೆಕ್ಲಾರೆನ್, ಪೆಟ್ರಾಟೋಸ್, ಸ್ಟೀವರ್ಟ್ ನಾಲ್ವರೂ ಈ ಸೀಸನ್‌ನಲ್ಲಿ ಒಂದೇ ತಂಡದಲ್ಲಿದ್ದರು. ಇವರಲ್ಲಿ ಯಾರನ್ನು ಬೆಂಚಿನಲ್ಲಿ ಕೂರಿಸುವುದು ಎಂಬುದು ಅವರ ತಲೆನೋವಾಗಿತ್ತು. ಅಂಥ ತಂಡವನ್ನು ಅವರ ಮನೆಯಲ್ಲೇ ಹೆಚ್ಚುವರಿ ಸಮಯದವರೆಗೆ ಎಳೆದೊಯ್ದದ್ದು ಸೋಲಲ್ಲ ಎನ್ನುವುದಿಲ್ಲ, ಆದರೆ ಅವಮಾನವಂತೂ ಅಲ್ಲ.

ನನ್ನ ಸಿಟ್ಟು ಫೈನಲ್ ಮೇಲಲ್ಲ, ಜನವರಿ ಮೇಲೆ. ಜಮ್ಶೆಡ್‌ಪುರದಲ್ಲಿ ಸೋತೆವು, ಮೊಹಮ್ಮಡನ್‌ಗೆ ಮನೆಯಲ್ಲಿ ಸೋತೆವು, ಒಡಿಶಾ ಎದುರು ಮನೆಯಲ್ಲಿ 2-0 ಮುಂದಿದ್ದು 3-2 ಸೋತೆವು, ಕೋಲ್ಕತ್ತಾದಲ್ಲಿ ಲಿಸ್ಟನ್ ಗೋಲಿಗೆ 1-0 ಸೋತೆವು. ಆ ತಿಂಗಳು ಕಳೆದುಕೊಂಡ ಅಂಕಗಳನ್ನು ಉಳಿಸಿಕೊಂಡಿದ್ದರೆ ಎರಡನೇ ಸ್ಥಾನಕ್ಕೆ ಏರಿ, ನೇರವಾಗಿ ಸೆಮಿಫೈನಲ್ ತಲುಪುವ ಸಾಧ್ಯತೆ ಇತ್ತು. ಒಂದು ನಾಕೌಟ್ ಪಂದ್ಯದ ದಣಿವು ಉಳಿಯುತ್ತಿತ್ತು.

ಸನಾ ಪರ ವಕೀಲ:

ಆ ನಾಕೌಟ್ ಪಂದ್ಯ ಮುಂಬೈ ಸಿಟಿ ಎದುರಿನ 5-0. ಅದನ್ನು ದಣಿವು ಎಂದು ಕರೆದರೆ ನನಗೆ ಪ್ರತಿ ವಾರ ಅಂಥ ದಣಿವು ಬೇಕು.

ಹಳೆ ಐ-ಲೀಗ್ ಜೀವ:

ನಾನು ಬೇರೆಯದನ್ನು ಎತ್ತುತ್ತೇನೆ. 2013ರಲ್ಲಿ ಕ್ಲಬ್ ಹುಟ್ಟಿತು, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಆಶ್ಲಿ ವೆಸ್ಟ್‌ವುಡ್ ಕಟ್ಟಿದ ತಂಡದಲ್ಲಿ ಹೆಸರಿಗಿಂತ ಶಿಸ್ತು ದೊಡ್ಡದಿತ್ತು. ಆಮೇಲೆ ಆಲ್ಬರ್ಟ್ ರೋಕಾ ಬಂದರು. 2016ರ ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡ ಆರಂಭದಲ್ಲೇ ಗೋಲು ಹೊಡೆದು ನಮ್ಮ ಬಾಯಿ ಮುಚ್ಚಿಸಿತು. ಆ ರಾತ್ರಿ ನಮ್ಮವರು ಏನು ಮಾಡಿದರು? ಚೆಟ್ರಿ ಎರಡು, ಹ್ವಾನನ್ ಒಂದು, 3-1. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡೆವು. ದೋಹಾದಲ್ಲಿ ಇರಾಕಿನ ಅಲ್-ಕುವಾ ಅಲ್-ಜವಿಯಾ 1-0ರಿಂದ ಗೆದ್ದಿತು, ಅದು ಬೇರೆ ಮಾತು.

ಹಿಂದೆ ಬಿದ್ದಾಗ ಎದ್ದು ಬರುವುದು ಈ ಕ್ಲಬ್‌ನ ರಕ್ತದಲ್ಲೇ ಇದೆ. ಮುಂದೆ ಇದ್ದಾಗ ಹೇಗಿರಬೇಕು ಎಂಬುದನ್ನು ನಾವು ಕಲಿತೇ ಇಲ್ಲ. ಗೋವಾದಲ್ಲಿ ಮೊನ್ನೆ ಸೆಮಿಫೈನಲ್‌ನ ಎರಡನೇ ಪಂದ್ಯವೂ ಅದೇ ಕಥೆ: ಕಂಠೀರವದಲ್ಲಿ ಗಳಿಸಿದ 2-0 ಮುನ್ನಡೆಯನ್ನು ಕೈಯಲ್ಲಿಟ್ಟುಕೊಂಡು ಹೋಗಿ ಎಫ್‌ಸಿ ಗೋವಾದ ಬೋರ್ಹಾ ಮತ್ತು ಸಾದಿಕುಗೆ ಒಂದೊಂದು ಗೋಲು ಕೊಟ್ಟು ಒಟ್ಟು ಲೆಕ್ಕವನ್ನು 2-2 ಮಾಡಿಕೊಂಡೆವು. ಕೊನೆಗೆ ಕಾಪಾಡಿದ್ದು ಯಾರು?

ನೀಲಿ ಅಂಗಿ:

ನಲವತ್ತು ವರ್ಷದ ಸುನಿಲ್ ಚೆಟ್ರಿ. ಇನ್ಯಾರು.

ಹತ್ತೊಂಬತ್ತರ ಸಾಕ್ಷಿ:

ಆ ಗೋಲನ್ನು ಮತ್ತೆ ಮತ್ತೆ ನೋಡಿದ್ದೇನೆ. 92ನೇ ನಿಮಿಷ, ಎಲ್ಲರೂ ಹೆಚ್ಚುವರಿ ಸಮಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಗ ನಾಮ್ಗ್ಯಾಲ್ ಭುಟಿಯಾ ಕ್ರಾಸ್ ತೂರಿದರು. ಚೆಂಡು ಸೊಂಟದ ಎತ್ತರದಲ್ಲಿ ಬರುತ್ತಿತ್ತು, ಕಾಲಿಗೂ ತಲೆಗೂ ಅನುಕೂಲವಲ್ಲದ ಎತ್ತರ. ಚೆಟ್ರಿ ಅದಕ್ಕಾಗಿ ಕಾಯಲಿಲ್ಲ. ರಕ್ಷಣಾ ಆಟಗಾರನ ಮುಂದೆ ಅರ್ಧ ಹೆಜ್ಜೆ ಕದ್ದು, ದೇಹವನ್ನೇ ಚೆಂಡಿನ ಎತ್ತರಕ್ಕೆ ಇಳಿಸಿದರು. ಗೋಲ್‌ಕೀಪರ್ ಅಲುಗಾಡುವಷ್ಟರಲ್ಲಿ ಬಲೆ ಅಲುಗಾಡಿತ್ತು. ಇಪ್ಪತ್ತರ ಹುಡುಗರಿಗೆ ವೇಗ ಇರುತ್ತದೆ, ಆದರೆ ಆ ಅರ್ಧ ಹೆಜ್ಜೆ ಯಾವಾಗ ಇಡಬೇಕೆಂದು ತಿಳಿದಿರುವುದಿಲ್ಲ.

ಈ ಸೀಸನ್‌ನಲ್ಲಿ 14 ಗೋಲು, ಭಾರತೀಯರಲ್ಲಿ ಅತಿ ಹೆಚ್ಚು. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್. ಕಳೆದ ಜೂನ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದವರನ್ನು ಮಾರ್ಚ್‌ನಲ್ಲಿ ಮತ್ತೆ ಕರೆಸಿಕೊಂಡರು.

ಕಾರ್ನರ್ ಬಾವುಟ:

ಹೊಗಳಿಕೆಯೆಲ್ಲ ಸರಿ, ನಾನೂ ಸೇರುತ್ತೇನೆ. ಆದರೆ ಆ 14 ನನಗೆ ಸಂತೋಷದ ಜೊತೆ ಭಯವನ್ನೂ ಕೊಡುತ್ತದೆ. 2016ರಲ್ಲಿ ಜೊಹೊರ್ ಎದುರು ಗೋಲು ಹೊಡೆದವರೂ ಅವರೇ, 2018ರ ಫೈನಲ್‌ನಲ್ಲಿ ಹೊಡೆದವರೂ ಅವರೇ, 2023ರ ಫೈನಲ್‌ನಲ್ಲೂ ಅವರೇ, ಈಗಲೂ ಅವರೇ. ಇಷ್ಟು ವರ್ಷಗಳಲ್ಲಿ ಅವರ ಪಕ್ಕದಲ್ಲಿ ಒಬ್ಬ ಭಾರತೀಯ ಸ್ಟ್ರೈಕರ್ ಬೆಳೆಯಲಿಲ್ಲ. ಶಿವಶಕ್ತಿ 2022-23ರಲ್ಲಿ ಮಿಂಚಿದರು. ಡುರಾಂಡ್ ಫೈನಲ್‌ನಲ್ಲಿ ಮುಂಬೈ ಎದುರು ಅವರ ಗೋಲು ಎಷ್ಟು ಚೆನ್ನಾಗಿತ್ತು! ಆಮೇಲೆ ಅವರಿಗೆ ಸತತವಾಗಿ ಆಡುವ ಅವಕಾಶ ಸಿಗಲಿಲ್ಲ.

ಅಂಕಗಣಿತ:

ಸ್ಟ್ರೈಕರ್ ಜಾಗಕ್ಕೆ ವಿದೇಶಿ ಆಟಗಾರನನ್ನು ತರುವುದು ಎಲ್ಲ ಕ್ಲಬ್‌ಗಳ ಚಾಳಿ. ನಮ್ಮ ಕ್ಲಬ್ ಒಂದನ್ನೇ ದೂರಿ ಫಲವಿಲ್ಲ.

ಹತ್ತೊಂಬತ್ತರ ಸಾಕ್ಷಿ:

ವಿನೀತ್ ವೆಂಕಟೇಶ್ ಬಗ್ಗೆ ಯಾರೂ ಮಾತಾಡುತ್ತಿಲ್ಲವೇಕೆ? ಸ್ಟ್ರೈಕರ್ ಅಲ್ಲ, ನಿಜ. ಆದರೆ ಸೀಸನ್‌ನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಗೋಲು ಹೊಡೆದ ಹುಡುಗ, ಡುರಾಂಡ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದ. ನಮ್ಮದೇ ಯುವ ತಂಡದಿಂದ ಬಂದವನು. ಮುಂದಿನ ವರ್ಷ ಅವನನ್ನು ಕೊನೆಯ ಹತ್ತು ನಿಮಿಷದ ಬದಲಿ ಆಟಗಾರನಾಗಿ ಮಾತ್ರ ಬಳಸಿದರೆ ನಾನೇ ಇಲ್ಲಿ ಗಲಾಟೆ ಮಾಡುತ್ತೇನೆ.

ಹಳೆ ಐ-ಲೀಗ್ ಜೀವ:

ಒಪ್ಪಿದೆ. ಈ ಊರಿನಲ್ಲಿ ಚೆಂಡಾಟಕ್ಕೆ ಬರ ಎಂದೂ ಇರಲಿಲ್ಲ. 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮವರು. 2023ರಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆಸ್ಟಿನ್ ಟೌನ್, ಗೌತಮಪುರದ ಮೈದಾನಗಳಿಂದ ಬಂದವರಿಗೆ ನೀಲಿ ಅಂಗಿಯಲ್ಲಿ ಇನ್ನಷ್ಟು ಜಾಗ ಸಿಗಬೇಕು. ಇದು ಪ್ರಾಂತಾಭಿಮಾನದ ಮಾತಲ್ಲ. ಮಣಿಪುರದ ಸುರೇಶ್ ನನಗೆ ಈ ತಂಡದ ಉಸಿರು.

ನೀಲಿ ಅಂಗಿ:

ಸುರೇಶ್ ಬಗ್ಗೆ ಎರಡು ಮಾತಿಲ್ಲ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದೂ ಅವರೇ, ಮುಂದೆ ಓಡಿ ಹೊಡೆಯುವುದೂ ಅವರೇ. ಮುಂಬೈ ಎದುರಿನ 5-0ಯಲ್ಲಿ ಮೊದಲ ಗೋಲು ಅವರದು. ನನ್ನ ದೂರು ಬೇರೆ: ಪೆಡ್ರೊ ಕಾಪೊ ಮತ್ತು ನೊಗುಯೆರಾ ಇಬ್ಬರೂ ಸುಸ್ತಾದ ಮೇಲೆ ಮಧ್ಯದಲ್ಲಿ ಆಟವನ್ನು ನಿಧಾನಗೊಳಿಸುವವರು ಯಾರೂ ಉಳಿಯುವುದಿಲ್ಲ. 2018-19ರಲ್ಲಿ ದಿಮಾಸ್ ಡೆಲ್ಗಾಡೊ ಮತ್ತು ಪಾರ್ತಾಲು ಇದ್ದರು. ಒಬ್ಬರು ಚೆಂಡನ್ನು ತಣ್ಣಗೆ ಇಟ್ಟುಕೊಳ್ಳುತ್ತಿದ್ದರು, ಇನ್ನೊಬ್ಬರು ಗಾಳಿಯಲ್ಲಿ ಬಂದದ್ದನ್ನೆಲ್ಲ ತಲೆಯಿಂದ ತಳ್ಳುತ್ತಿದ್ದರು. ಮುನ್ನಡೆ ಉಳಿಸಿಕೊಳ್ಳುವುದು ಎಂದರೆ ಅದು.

ಪಶ್ಚಿಮ ಗ್ಯಾಲರಿ:

ಇಷ್ಟು ಹೊತ್ತಿಗೆ ಒಬ್ಬರಾದರೂ ನನ್ನ ದಾರಿಗೆ ಬಂದಿರಿ. ನಾನು ಹೇಳುತ್ತಿರುವುದೂ ಅದನ್ನೇ. ಹಿಂದೆ ಸರಿಯುವುದು ಹೇಡಿತನದಿಂದ ಅಲ್ಲ, ಚೆಂಡನ್ನು ಇಟ್ಟುಕೊಳ್ಳುವವರು ಇಲ್ಲದ್ದರಿಂದ. ಚೆಂಡು ನಮ್ಮ ಕಾಲಲ್ಲಿ ಇಲ್ಲದಿದ್ದರೆ ನಮ್ಮ ಗೋಲಿನ ಮುಂದೆಯೇ ಇರುತ್ತದೆ. ತೂತು ಬಿದ್ದ ದೋಣಿಯಲ್ಲಿ ನೀರು ಮೊಗೆದು ಚೆಲ್ಲುವುದರಲ್ಲೇ ಗೋಲ್‌ಕೀಪರ್ ಗುರ್‌ಪ್ರೀತ್ ಮತ್ತು ಭೇಕೆ ಇಡೀ ಸಂಜೆ ಕಳೆಯಬೇಕಾಗುತ್ತದೆ.

ಹತ್ತೊಂಬತ್ತರ ಸಾಕ್ಷಿ:

ಭೇಕೆ ಹೆಸರು ಬಂದಾಗ 2019 ನೆನಪಾಗದೆ ಇರದು. ಮುಂಬೈನಲ್ಲಿ ಗೋವಾ ಎದುರು ಫೈನಲ್. 105 ನಿಮಿಷ ಗೋಲಿಲ್ಲ, ಅಹ್ಮದ್ ಜಾಹೂ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು, ಆಮೇಲೆ 117ನೇ ನಿಮಿಷದಲ್ಲಿ ದಿಮಾಸ್ ಕಾರ್ನರ್, ಭೇಕೆ ಹೆಡರ್. ನಾವು ಗೆದ್ದ ಏಕೈಕ ಐಎಸ್‌ಎಲ್ ಫೈನಲ್ ಅದು. ಕಾರ್ನರ್ ಬಾವುಟದವರಿಗೆ ಹೇಳುತ್ತೇನೆ: ನಿಂತ ಚೆಂಡು ನಮಗೂ ಒಮ್ಮೆ ಕಪ್ ಕೊಟ್ಟಿದೆ.

ಅಂಕಗಣಿತ:

ಮತ್ತು ಆ ಗೋಲು ಬಂದ ಮೇಲೆ ಉಳಿದದ್ದು ಮೂರು ನಿಮಿಷ. ಮುನ್ನಡೆ ಕಳೆದುಕೊಳ್ಳಲು ಸಮಯವೇ ಇರಲಿಲ್ಲ. ಹಾಗಾದರೆ ತಂತ್ರ ಸ್ಪಷ್ಟ: 117ನೇ ನಿಮಿಷಕ್ಕೆ ಮೊದಲು ಗೋಲು ಹೊಡೆಯಬಾರದು.

ಸನಾ ಪರ ವಕೀಲ:

ನಕ್ಕೆ, ಆದರೆ ಅಳುವೂ ಬಂತು.

ನಮ್ಮ ತರಬೇತುದಾರ ಜರಗೋಜಾ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2023ರ ಡಿಸೆಂಬರ್‌ನಲ್ಲಿ ಹಿಂದಿನ ತರಬೇತುದಾರ ಗ್ರೇಸನ್ ಹೋದ ಮೇಲೆ ಬಂದಾಗ ತಂಡ ಕೈಬಿಟ್ಟ ಸ್ಥಿತಿಯಲ್ಲಿತ್ತು. ಒಂದೂವರೆ ವರ್ಷದೊಳಗೆ ಹತ್ತನೇ ಸ್ಥಾನದಿಂದ ಫೈನಲ್‌ಗೆ ತಂದವರನ್ನು ಈಗ ಕಳುಹಿಸಿ ಎನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ನಮ್ಮ ಕ್ಲಬ್ ತರಬೇತುದಾರರನ್ನು ಬದಲಿಸಿದಾಗಲೆಲ್ಲ ಆಟದ ಶೈಲಿಯನ್ನೂ ಬುಡಸಮೇತ ಬದಲಿಸಿದೆ. 2019ರಲ್ಲಿ ಕಪ್ ಗೆಲ್ಲಿಸಿದ ಕ್ವಾದ್ರಾತ್ ನಂತರ ಏನಾಯಿತು ನೋಡಿದ್ದೇವೆ.

ಕಾರ್ನರ್ ಬಾವುಟ:

ಅವರು ಉಳಿಯಲಿ. ಜೊತೆಗೆ ನಿಂತ ಚೆಂಡಿಗೆಂದೇ ಒಬ್ಬ ಪ್ರತ್ಯೇಕ ಕೋಚ್ ಬರಲಿ. ಹೊರಗಿನ ದೊಡ್ಡ ಲೀಗ್‌ಗಳಲ್ಲಿ ಇದು ಈಗ ಹೊಸತೇನಲ್ಲ. ಮತ್ತು ಶೂಟೌಟ್ ಅಭ್ಯಾಸ: 2023ರಲ್ಲಿ ನಮ್ಮ ಬ್ರೂನೊ ಹೊಡೆತ ತಡೆದದ್ದು ಮೋಹನ್ ಬಾಗಾನ್ ಗೋಲ್‌ಕೀಪರ್ ವಿಶಾಲ್ ಕೈತ್, ಡುರಾಂಡ್‌ನಲ್ಲೂ ನಮ್ಮನ್ನು ತಡೆದದ್ದು ಅದೇ ವಿಶಾಲ್ ಕೈತ್. ಆ ಮನುಷ್ಯ ನಮ್ಮ ಹೊಡೆತಗಳನ್ನು ಓದಿಕೊಂಡು ಬರುತ್ತಾರೆ. ನಾವು ಅವರನ್ನು ಓದುತ್ತೇವೆಯೇ?

ಹಳೆ ಐ-ಲೀಗ್ ಜೀವ:

ಅದೇ 2023ರಲ್ಲಿ ಮುಂಬೈ ಎದುರಿನ ಸೆಮಿಫೈನಲ್ ಶೂಟೌಟ್ 9-8 ಗೆದ್ದದ್ದೂ ನಾವೇ. ಗುರ್‌ಪ್ರೀತ್ ತಡೆದರು, ಸಂದೇಶ್ ಝಿಂಗನ್ ಕೊನೆಯದನ್ನು ಹೊಡೆದರು. ನಮಗೆ ಶೂಟೌಟ್ ಬರುವುದಿಲ್ಲ ಎಂದು ಬರೆದುಬಿಡಬೇಡಿ.

ಪಶ್ಚಿಮ ಗ್ಯಾಲರಿ:

ನನ್ನ ಬೇಡಿಕೆ ಒಂದೇ. ದಿಮಾಸ್ ತರಹದ ಒಬ್ಬ ಮಿಡ್‌ಫೀಲ್ಡರ್, ಎಪ್ಪತ್ತನೇ ನಿಮಿಷದ ನಂತರ ಬೆಂಚಿನಿಂದ ಬಂದು ಚೆಂಡಿನ ಮೇಲೆ ಕಾಲಿಟ್ಟು ನಿಲ್ಲಬಲ್ಲವನು. ದೊಡ್ಡ ಹೆಸರು ಬೇಡ. ಮುಂದೆ ಇನ್ನೊಬ್ಬ ವಿದೇಶಿ ಸ್ಟ್ರೈಕರ್ ಬಂದ ಎಂಬ ಸುದ್ದಿಗೆ ನಾನು ಕುಣಿಯುವುದಿಲ್ಲ. ಆ ಜಾಗದಲ್ಲಿ ಶಿವಶಕ್ತಿಗೆ ಸತತ ಹತ್ತು ಪಂದ್ಯ ಕೊಟ್ಟು ನೋಡಲಿ; ಚೆಟ್ರಿ ಪಕ್ಕದಲ್ಲಿರುವಾಗಲೇ ಕಲಿಯಬೇಕಾದದ್ದನ್ನು ಕಲಿಯಲಿ.

ಅಂಕಗಣಿತ:

ಹತ್ತು ಪಂದ್ಯ ಗೋಲಿಲ್ಲದೆ ಹೋದರೆ ಇಲ್ಲಿ ಮೊದಲು ಕೂಗುವವರು ನೀವೇ.

ಪಶ್ಚಿಮ ಗ್ಯಾಲರಿ:

ಕೂಗುತ್ತೇನೆ. ಪಂದ್ಯ ನೋಡಲು ಬರುವುದನ್ನು ಮಾತ್ರ ನಿಲ್ಲಿಸುವುದಿಲ್ಲ.

ನೀಲಿ ಅಂಗಿ:

ಸನಾ ಕೈ ವಿಷಯದಲ್ಲಿ ಮಾತ್ರ ನಾನು ವಕೀಲರ ವಾದವನ್ನು ಇನ್ನೂ ಒಪ್ಪಿಲ್ಲ. ತೋಳು ದೇಹಕ್ಕಿಂತ ದೂರ ಇತ್ತು.

ಸನಾ ಪರ ವಕೀಲ:

ಮೇಲ್ಮನವಿ ಸಲ್ಲಿಸುತ್ತೇನೆ. ಮರುಪ್ರಸಾರದ ಎರಡನೇ ಕೋನದಿಂದ ನೋಡಿ, ಆಮೇಲೆ ಮಾತಾಡೋಣ.